ಅಪ್ಪ-ಅಮ್ಮನ ಹೆಲ್ತ್ ಪಾಲಿಸಿ: ‘ಎಷ್ಟು ಲಕ್ಷದ್ದು’ ಎನ್ನುವ ಮೊದಲು ನೋಡಬೇಕಾದ್ದು

ಆರೋಗ್ಯ ವಿಮೆ ಮಾಡಿಸಲು ಹೊರಟವರು ಮೊದಲು ಕೇಳುವುದು ‘ಎಷ್ಟು ಲಕ್ಷದ್ದು?’ ಅಂತ, ಆಮೇಲೆ ‘ವರ್ಷಕ್ಕೆ ಎಷ್ಟು ಕಟ್ಟಬೇಕು?’ ಅಂತ. ಏಜೆಂಟರ ಬಳಿ ಈ ಎರಡಕ್ಕೂ ಉತ್ತರ ಸಿದ್ಧವಿರುತ್ತದೆ. ಆದರೆ ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರಿನಲ್ಲಿ ನಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಎಂಬುದನ್ನು ತೀರ್ಮಾನಿಸುವ ಸಾಲುಗಳು ಪಾಲಿಸಿಯ ಒಳಪುಟಗಳಲ್ಲಿ ಇರುತ್ತವೆ: ರೂಮ್ ಬಾಡಿಗೆಯ ಮಿತಿ, ಕೋ-ಪೇ (ಒಪ್ಪಿದ ಮೊತ್ತದಲ್ಲಿ ನಾವೇ ಭರಿಸಬೇಕಾದ ಪಾಲು), ಕಾಯುವ ಅವಧಿ, ಕಾಯಿಲೆವಾರು ಮಿತಿ. ಅರವತ್ತು ದಾಟಿದವರ ಪಾಲಿಸಿಗಳಲ್ಲಿ ಈ ನಾಲ್ಕೂ ಒಟ್ಟಿಗೇ ಬಂದು ಕೂತಿರುವುದುಂಟು.

ರೂಮ್ ಬಾಡಿಗೆಯ ಮಿತಿಯನ್ನು ಬಹಳ ಜನ ತಪ್ಪಾಗಿ ಲೆಕ್ಕ ಹಾಕುತ್ತಾರೆ. ದಿನಕ್ಕೆ 5,000 ರೂಪಾಯಿ ಮಿತಿ ಇದೆ, ನಾವು 8,000ದ ರೂಮ್ ತೆಗೆದುಕೊಂಡರೆ ದಿನಕ್ಕೆ 3,000 ಕೈಯಿಂದ ಕೊಟ್ಟರಾಯಿತು ಎಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಒಂದು ಬಿಲ್ ಇಟ್ಟುಕೊಂಡೇ ನೋಡೋಣ. ನಾಲ್ಕು ದಿನದ ರೂಮ್ ಬಾಡಿಗೆ 32,000. ಸರ್ಜನ್ ಫೀ, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್, ಡಾಕ್ಟರ್ ವಿಸಿಟ್ ಎಲ್ಲ ಸೇರಿ 1,20,000. ಔಷಧಿ, ಇಂಪ್ಲಾಂಟ್, ಟೆಸ್ಟುಗಳದ್ದು 90,000. ಒಟ್ಟು 2,42,000. ವಿಮಾ ಕಂಪನಿ ರೂಮಿಗೆ 20,000 ಮಾತ್ರ ಒಪ್ಪುತ್ತದೆ. ಸರ್ಜನ್ ಫೀ ಮುಂತಾದ 1,20,000ವನ್ನೂ ಅದೇ ಅನುಪಾತದಲ್ಲಿ, ಅಂದರೆ ಎಂಟರಲ್ಲಿ ಐದು ಪಾಲಿಗೆ, ಇಳಿಸಿ 75,000 ಮಾಡುತ್ತದೆ. ಔಷಧಿ, ಇಂಪ್ಲಾಂಟ್, ಟೆಸ್ಟುಗಳಿಗೆ ಈ ಕಡಿತ ಹಾಕುವಂತಿಲ್ಲ ಎಂಬ ನಿಯಮ ಇರುವುದರಿಂದ 90,000 ಹಾಗೇ ಉಳಿಯುತ್ತದೆ. ಸಿಗುವುದು 1,85,000. ಹನ್ನೆರಡು ಸಾವಿರ ಹೋದೀತು ಎಂದುಕೊಂಡವರಿಗೆ 57,000 ಹೋಯಿತು.

ಇದರ ಮೇಲೆ ಶೇ 20ರ ಕೋ-ಪೇ ಇದ್ದರೆ, 1,85,000ರಲ್ಲಿ ಐದನೇ ಒಂದು ಪಾಲು ಮತ್ತೆ ನಮ್ಮದೇ. ಕಂಪನಿ ಕೊಡುವುದು 1,48,000ಕ್ಕೆ ಇಳಿಯುತ್ತದೆ, ನಾವು ಕಟ್ಟುವುದು 94,000. ಪಾಲಿಸಿ ಐದು ಲಕ್ಷದ್ದು, ಬಿಲ್ ಎರಡೂವರೆ ಲಕ್ಷವನ್ನೂ ಮುಟ್ಟಿಲ್ಲ, ಆದರೂ ಲಕ್ಷದ ಹತ್ತಿರ ಕೈಯಿಂದ ಹೋಯಿತು.

ಕೌಂಟರಿನಲ್ಲಿ ಜಗಳ ಮಾಡಿ ಇದನ್ನು ಸರಿಪಡಿಸಲು ಆಗುವುದಿಲ್ಲ, ಪಾಲಿಸಿ ಕೊಳ್ಳುವಾಗಲೇ ನೋಡಬೇಕು. ‘ಸಿಂಗಲ್ ಪ್ರೈವೇಟ್ ರೂಮ್’ ಎಂದಿದ್ದರೆ ಒಳ್ಳೆಯದು. ಮಿತಿಯೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ವಿಮಾ ಮೊತ್ತದ ಶೇ 1 ಅಥವಾ ಶೇ 2 ಎಂದಿದ್ದರೆ ನಿಮ್ಮೂರಿನಲ್ಲಿ ನೀವು ಹೋಗುವ ಆಸ್ಪತ್ರೆಯ ಬಾಡಿಗೆ ಎಷ್ಟು ಎಂದು ಮೊದಲೇ ವಿಚಾರಿಸಿ. ಈಗಾಗಲೇ ಮಿತಿಯಿರುವ ಪಾಲಿಸಿಯೇ ಇದ್ದರೆ ಅಡ್ಮಿಷನ್ ಹೊತ್ತಿನಲ್ಲೇ ಆ ಮಿತಿಯೊಳಗಿನ ರೂಮ್ ಕೇಳಿ. ಖಾಲಿ ಇಲ್ಲದೆ ಮೇಲಿನ ದರ್ಜೆಯ ರೂಮಿಗೆ ಹಾಕಿದರೆ ಆ ಮಾತನ್ನು ಆಸ್ಪತ್ರೆಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಹೋಲಿಸಿ ನೋಡಲು ಅಳತೆಗೋಲು ಬೇಕೆಂದರೆ ‘ಆರೋಗ್ಯ ಸಂಜೀವನಿ’ ಪಾಲಿಸಿಯನ್ನು ನೋಡಿ. 2020ರ ಏಪ್ರಿಲ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ತಂದ ಇದರ ಷರತ್ತುಗಳು ಯಾವ ಕಂಪನಿಯಲ್ಲಿ ಕೊಂಡರೂ ಒಂದೇ, ಪ್ರೀಮಿಯಂ ಮಾತ್ರ ಬೇರೆ. ಕೋ-ಪೇ ಶೇ 5. ರೂಮಿಗೆ ವಿಮಾ ಮೊತ್ತದ ಶೇ 2, ದಿನಕ್ಕೆ ಗರಿಷ್ಠ 5,000. ಐಸಿಯುಗೆ ಶೇ 5, ಗರಿಷ್ಠ 10,000. ಕಣ್ಣಿನ ಪೊರೆ ಆಪರೇಷನ್ನಿಗೆ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ 25 ಅಥವಾ 40,000, ಯಾವುದು ಕಡಿಮೆಯೋ ಅದು. ಜಿಲ್ಲಾ ಕೇಂದ್ರದ ಆಸ್ಪತ್ರೆಗಳಿಗೆ ಹೋಗುವ ಕುಟುಂಬಕ್ಕೆ ಇದು ಸಾಕಾಗಬಹುದು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ 5,000ಕ್ಕೆ ಸಿಂಗಲ್ ರೂಮ್ ಹುಡುಕುವುದು ಕಷ್ಟ.

ಇನ್ನು ಕಾಯುವ ಅವಧಿ. ಹೊಸ ಪಾಲಿಸಿಯ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಸಿಗದು. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಗರ್ಭಕೋಶದ ಆಪರೇಷನ್, ಮಂಡಿ ಬದಲಾವಣೆ ಇಂಥವುಗಳ ಪಟ್ಟಿಗೆ ಸಾಮಾನ್ಯವಾಗಿ ಎರಡು ವರ್ಷ, ಕೆಲವಕ್ಕೆ ಮೂರು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳಿಗೆ ಗರಿಷ್ಠ ಮೂರು ವರ್ಷ. 2024ರವರೆಗೆ ಇದು ನಾಲ್ಕು ವರ್ಷವಿತ್ತು. ಅದೇ ವರ್ಷದ ಬದಲಾವಣೆಯಲ್ಲಿ, ಹೊಸ ಪಾಲಿಸಿ ಕೊಡಲು 65 ವರ್ಷದವರೆಗೆ ಸಾಕು ಎಂದಿದ್ದ ಮಿತಿಯೂ ಹೋಯಿತು. ಹಾಗಂತ ಎಪ್ಪತ್ತರಲ್ಲಿ ಅರ್ಜಿ ಹಾಕಿದವರಿಗೆಲ್ಲ ಪಾಲಿಸಿ ಕೊಡಲೇಬೇಕೆಂದಿಲ್ಲ. ಆರೋಗ್ಯ ನೋಡಿ ನಿರಾಕರಿಸುವ ಹಕ್ಕು ಕಂಪನಿಗೆ ಇದ್ದೇ ಇದೆ. ಇನ್ನೊಂದು ವಿಷಯ: ಮೂರು ಲಕ್ಷದ ಪಾಲಿಸಿಯನ್ನು ಹತ್ತು ಲಕ್ಷಕ್ಕೆ ಏರಿಸಿದರೆ, ಹೆಚ್ಚಾದ ಏಳು ಲಕ್ಷಕ್ಕೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರು.

ಹೀಗಾಗಿಯೇ ‘ಆಫೀಸಿನಲ್ಲಿ ಇನ್ಶೂರೆನ್ಸ್ ಇದೆ, ಬೇರೆ ಯಾಕೆ?’ ಎನ್ನುವವರ ಬಗ್ಗೆ ನನಗೆ ನಿಜಕ್ಕೂ ಆತಂಕ. ಆಫೀಸಿನ ಗ್ರೂಪ್ ಪಾಲಿಸಿ ಬಹುತೇಕ ಮೊದಲ ದಿನದಿಂದಲೇ ಹಳೆಯ ಕಾಯಿಲೆಗಳನ್ನೂ ಸೇರಿಸಿಕೊಳ್ಳುತ್ತದೆ, ಅದು ದೊಡ್ಡ ಅನುಕೂಲವೇ. ಆದರೆ ಕೆಲಸದ ಕೊನೆಯ ದಿನ ಅದೂ ಮುಗಿಯುತ್ತದೆ. ನಿವೃತ್ತಿಯಾದ ಮೇಲೆ ಹೊಸ ಪಾಲಿಸಿ ಕೊಂಡರೆ, ಆಸ್ಪತ್ರೆಯ ಅಗತ್ಯ ಹೆಚ್ಚಾಗುವ ವಯಸ್ಸಿನಲ್ಲೇ ಮೂರು ವರ್ಷ ಕಾಯುತ್ತ ಕೂರಬೇಕು. ನಲವತ್ತೈದರ ಆಸುಪಾಸಿನಲ್ಲಿ, ಆಫೀಸಿನದು ಇರುವಾಗಲೇ, ಸ್ವಂತದ್ದೊಂದು ಪಾಲಿಸಿ ತೆಗೆದು ಕಾಯುವ ಅವಧಿಯನ್ನು ಆಗಲೇ ಮುಗಿಸಿಕೊಳ್ಳಿ. ಅದಾಗಲೇ ತಡವಾಗಿದ್ದರೆ, ಕೆಲಸ ಬಿಡುವ ಮೊದಲೇ ಎಚ್‌ಆರ್‌ನವರನ್ನು ಕೇಳಿ ಗ್ರೂಪ್ ಪಾಲಿಸಿಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ‘ಮೈಗ್ರೇಶನ್’ಗೆ ಅರ್ಜಿ ಕೊಡಿ. ಗ್ರೂಪಿನಲ್ಲಿ ಕಳೆದ ವರ್ಷಗಳ ಲೆಕ್ಕ ಹೊಸದಕ್ಕೂ ಸಿಗುತ್ತದೆ.

ಇಡೀ ಕುಟುಂಬಕ್ಕೆ ಒಂದೇ ಫ್ಲೋಟರ್ (ಒಂದೇ ವಿಮಾ ಮೊತ್ತವನ್ನು ಎಲ್ಲರೂ ಹಂಚಿಕೊಳ್ಳುವ ಪಾಲಿಸಿ) ಮಾಡಿಸಿ ಅದರಲ್ಲೇ ಅಪ್ಪ-ಅಮ್ಮನನ್ನೂ ಸೇರಿಸುವುದು ನನ್ನ ಪ್ರಕಾರ ಬೇಡವೇ ಬೇಡ. ಫ್ಲೋಟರಿನ ಪ್ರೀಮಿಯಂ ಸಾಮಾನ್ಯವಾಗಿ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ ನಿಂತಿರುತ್ತದೆ. ಜೊತೆಗೆ ಅಪ್ಪನ ಒಂದು ಬೈಪಾಸ್‌ಗೆ ಮೊತ್ತವೆಲ್ಲ ಕರಗಿದರೆ ಆ ವರ್ಷ ಮಗುವಿನ ಡೆಂಗಿಗೆ ಏನೂ ಉಳಿದಿರುವುದಿಲ್ಲ. ಗಂಡ, ಹೆಂಡತಿ, ಮಕ್ಕಳದ್ದು ಒಂದು ಫ್ಲೋಟರ್. ಅಪ್ಪನಿಗೊಂದು, ಅಮ್ಮನಿಗೊಂದು ಬೇರೆ ಪಾಲಿಸಿ. ಅಷ್ಟು ಪ್ರೀಮಿಯಂ ಭಾರವಾದರೆ ಅವರಿಬ್ಬರಿಗೆ ಸೇರಿ ಒಂದು.

ಮೊತ್ತ ಹೆಚ್ಚು ಬೇಕು, ಪ್ರೀಮಿಯಂ ಏರಬಾರದು ಎಂದರೆ ಸೂಪರ್ ಟಾಪ್-ಅಪ್ ಇದೆ. ಟಾಪ್-ಅಪ್ ಬೇರೆ, ಸೂಪರ್ ಟಾಪ್-ಅಪ್ ಬೇರೆ. ಎರಡರಲ್ಲೂ ಐದು ಲಕ್ಷ ದಾಟಿದ ಮೇಲಿನದ್ದು ಕೊಡುತ್ತೇವೆ ಎಂದಿದೆ ಎನ್ನಿ. ಒಂದೇ ವರ್ಷದಲ್ಲಿ ಮೊದಲು 4 ಲಕ್ಷದ, ಆಮೇಲೆ 3 ಲಕ್ಷದ ಬಿಲ್ ಬಂದರೆ, ಬರೀ ಟಾಪ್-ಅಪ್ ಏನೂ ಕೊಡುವುದಿಲ್ಲ, ಯಾಕೆಂದರೆ ಯಾವ ಬಿಲ್ಲೂ ಒಂದೇ ಸಲಕ್ಕೆ ಐದು ಲಕ್ಷ ದಾಟಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಒಟ್ಟು ಏಳು ಲಕ್ಷವನ್ನು ನೋಡಿ 2 ಲಕ್ಷ ಕೊಡುತ್ತದೆ.

ಪ್ರೀಮಿಯಂ ವಿಷಯದಲ್ಲಿ ಇತ್ತೀಚೆಗೆ ಒಳ್ಳೆಯದೂ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಫ್ಲೋಟರ್ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿ ಹೋಗಿದೆ. ಗ್ರೂಪ್ ಪಾಲಿಸಿಗೆ ಈ ವಿನಾಯಿತಿ ಇಲ್ಲ. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮೊದಲು ಕಂಪನಿ ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು ಎಂಬ ಆದೇಶ 2025ರ ಜನವರಿಯಲ್ಲಿ ಬಂತು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು, 80ಡಿ ಎಂದೇ ಎಲ್ಲರಿಗೂ ಗೊತ್ತಿರುವ ವಿನಾಯಿತಿಯಲ್ಲಿ, ತಮ್ಮ ಕುಟುಂಬಕ್ಕೆ 25,000 ಮತ್ತು ಅರವತ್ತು ದಾಟಿದ ಅಪ್ಪ-ಅಮ್ಮನಿಗೆ ಇನ್ನೂ 50,000ದವರೆಗೆ ತೋರಿಸಬಹುದು. ಪ್ರೀಮಿಯಂ ನಗದಾಗಿ ಕಟ್ಟಿದರೆ ಮಾತ್ರ ಇದು ಸಿಗದು.

ಖಾಸಗಿ ಪಾಲಿಸಿಗೆ ದುಡ್ಡು ಸುರಿಯುವ ಮೊದಲು ಮನೆಯಲ್ಲಿ ಏನಿದೆ ಎಂದೂ ನೋಡಿ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಜನ ಎಡವುವುದು ರೆಫರಲ್‌ನಲ್ಲಿ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದು ಎಂದು ಬರೆಸಿಕೊಂಡೇ ಖಾಸಗಿಗೆ ಹೋಗಬೇಕು. ನೇರವಾಗಿ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ಕೆಲಸವಾಗುವುದಿಲ್ಲ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಇದೆ: ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದಲ್ಲಿ 1,000, ಚಿಕಿತ್ಸೆ 5 ಲಕ್ಷದವರೆಗೆ. ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುವುದರಿಂದ ಸಂಘದ ಕಾರ್ಯದರ್ಶಿಯನ್ನು ಆಗಾಗ ವಿಚಾರಿಸುತ್ತಿರಿ. ಕೇಂದ್ರದ ಯೋಜನೆಯಲ್ಲಿ 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ 5 ಲಕ್ಷದ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್‌ನಲ್ಲಿ ಬಂತು. ವಯಸ್ಸು ಆಧಾರ್‌ನಲ್ಲಿದ್ದಂತೆ, ಮನೆಯಲ್ಲಿ ಇಬ್ಬರು ಹಿರಿಯರಿದ್ದರೆ ಆ ಐದು ಲಕ್ಷ ಇಬ್ಬರಿಗೂ ಸೇರಿ. ಕಾರ್ಡ್ ಕೈಯಲ್ಲಿದ್ದರೂ ನೀವು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಅಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದಿದೆ: ಐದು ವರ್ಷವಾದರೂ ಇಎಸ್‌ಐ ಕಟ್ಟಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕೊಟ್ಟು ತಮಗೂ ಸಂಗಾತಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು.

ಕ್ಲೇಮುಗಳು ಬಿದ್ದುಹೋಗುವ ಕಾರಣಗಳಲ್ಲಿ ಒಂದನ್ನು ಒತ್ತಿ ಹೇಳಬೇಕು. ಅರ್ಜಿ ತುಂಬುವಾಗ ಏಜೆಂಟರು ‘ಬಿಪಿಗೆಲ್ಲ ಇಲ್ಲ ಅಂತ ಹಾಕೋಣ ಸರ್, ಪ್ರೀಮಿಯಂ ಕಮ್ಮಿ ಆಗುತ್ತೆ’ ಎಂದರೆ ಒಪ್ಪಬೇಡಿ. ಎರಡು ವರ್ಷ ಬಿಟ್ಟು ಆಸ್ಪತ್ರೆ ಸೇರಿದಾಗ ಡ್ಯೂಟಿ ಡಾಕ್ಟರು ‘ಬಿಪಿ ಎಷ್ಟು ವರ್ಷದಿಂದ ಇದೆ?’ ಎಂದು ಕೇಳುತ್ತಾರೆ, ಗಾಬರಿಯಲ್ಲಿರುವ ಮನೆಯವರು ‘ಒಂದು ಹತ್ತು ವರ್ಷ ಆಗಿರಬಹುದು’ ಎನ್ನುತ್ತಾರೆ. ಕೇಸ್ ಶೀಟಿನಲ್ಲಿ ಬರೆದ ಆ ಒಂದು ಸಾಲು ಡಿಸ್ಚಾರ್ಜ್ ಸಮ್ಮರಿಗೂ ಬರುತ್ತದೆ, ಅದೇ ಕ್ಲೇಮು ತಿರಸ್ಕರಿಸಲು ಆಧಾರವಾಗುತ್ತದೆ, ಪಾಲಿಸಿಯೇ ರದ್ದಾಗಲೂಬಹುದು. ನಿಜವಾಗಿ ಐದು ವರ್ಷವಷ್ಟೇ ಆಗಿದ್ದು ಊಹೆಯಿಂದ ಹತ್ತು ಎಂದರೂ ಅದೇ ತೊಡಕು. ಮೊದಲ ಸಲ ಮಾತ್ರೆ ಬರೆದುಕೊಟ್ಟ ಚೀಟಿಯ ಫೋಟೊ ಫೋನಿನಲ್ಲಿರಲಿ. ಆ ತಾರೀಕನ್ನೇ ಡಾಕ್ಟರಿಗೂ ಹೇಳಿ, ಅರ್ಜಿಯಲ್ಲೂ ಬರೆಯಿರಿ. ಪಾಲಿಸಿ ಬಂದ ಮೇಲೆ ಅದರೊಂದಿಗಿರುವ ಅರ್ಜಿಯ ಪ್ರತಿ ಓದಿ. ತಪ್ಪಿದ್ದರೆ ತಿದ್ದಿಸಲು, ಬೇಡವೆನಿಸಿದರೆ ಪಾಲಿಸಿಯನ್ನೇ ಹಿಂದಿರುಗಿಸಲು 30 ದಿನವಿದೆ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ವಿಷಯ ಮುಚ್ಚಿಟ್ಟಿದ್ದಾರೆ ಎಂಬ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ. ಆ ‘ಸತತ’ ಕಡಿಯದಂತೆ ನೋಡಿಕೊಳ್ಳಿ. ವರ್ಷಕ್ಕೊಮ್ಮೆ ಕಟ್ಟುವವರಿಗೆ ನವೀಕರಣಕ್ಕೆ 30 ದಿನ ಗ್ರೇಸ್ ಇದೆ, ಆದರೆ ಕಟ್ಟದೆ ಕಳೆದ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕವರ್ ಇರುವುದಿಲ್ಲ. ಕಂಪನಿ ಬದಲಿಸಬೇಕೆಂದರೆ ನವೀಕರಣದ ತಾರೀಕಿಗೆ 45 ದಿನ ಮೊದಲೇ ಪೋರ್ಟಿಂಗ್ ಅರ್ಜಿ ಹಾಕಿ, ಹೊಸ ಕಂಪನಿ ಒಪ್ಪುವವರೆಗೆ ಹಳೆಯದನ್ನು ಬಿಡಬೇಡಿ.

ಮೊದಲೇ ಗೊತ್ತಿರುವ ಆಪರೇಷನ್ ಆದರೆ ಎರಡು-ಮೂರು ದಿನ ಮುಂಚೆ ಆಸ್ಪತ್ರೆಯಲ್ಲಿ ವಿಮೆಯ ಕೆಲಸ ನೋಡಿಕೊಳ್ಳುವ ಟಿಪಿಎ ಡೆಸ್ಕಿನಲ್ಲಿ ಫಾರ್ಮ್ ಕೊಡಿ. ತುರ್ತಾದರೆ 24 ಗಂಟೆಯೊಳಗೆ ಕಂಪನಿಗೆ ತಿಳಿಸಿ. ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಕಟ್ಟುವ) ಕೋರಿಕೆಗೆ ಕಂಪನಿ ಒಂದು ಗಂಟೆಯಲ್ಲಿ ಉತ್ತರಿಸಬೇಕು, ಡಿಸ್ಚಾರ್ಜ್ ವೇಳೆಯ ಅಂತಿಮ ಒಪ್ಪಿಗೆ ಮೂರು ಗಂಟೆಯಲ್ಲಿ ಬರಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಕ್ಯಾಶ್‌ಲೆಸ್ ನಿರಾಕರಿಸಿದರು ಎಂದ ಮಾತ್ರಕ್ಕೆ ಕ್ಲೇಮೇ ಹೋಯಿತು ಎಂದಲ್ಲ. ದುಡ್ಡು ಕಟ್ಟಿ, ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್, ರಸೀದಿ, ಡಾಕ್ಟರ ಚೀಟಿಯೊಂದಿಗೆ ಔಷಧಿ ಬಿಲ್, ಟೆಸ್ಟ್ ರಿಪೋರ್ಟ್, ಸ್ಟೆಂಟ್ ಅಥವಾ ಲೆನ್ಸ್ ಹಾಕಿದ್ದರೆ ಅದರ ಸ್ಟಿಕ್ಕರ್ ಮತ್ತು ಇನ್‌ವಾಯ್ಸ್ ಇವೆಲ್ಲ ಇಟ್ಟು ರೀಇಂಬರ್ಸ್‌ಮೆಂಟಿಗೆ ಹಾಕಬಹುದು. ಬರೀ ಟೆಸ್ಟ್ ಮಾಡಿಸಲೆಂದು ಅಡ್ಮಿಟ್ ಆದರೆ ಅದು ಸಿಗುವುದಿಲ್ಲ. ಗ್ಲೌಸ್, ಮಾಸ್ಕ್‌ನಂಥ ಚಿಲ್ಲರೆ ಸಾಮಾನಿನ ದುಡ್ಡೂ ಅದಕ್ಕೆಂದೇ ರೈಡರ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ಸೌಲಭ್ಯ) ತೆಗೆದುಕೊಂಡಿರದಿದ್ದರೆ ನಮ್ಮದೇ.

ತಿರಸ್ಕಾರದ ಪತ್ರ ಬಂದರೆ ಅದರಲ್ಲಿ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರೆದಿರಬೇಕು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಸಮಾಧಾನವಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ವ್ಯಾಜ್ಯ ತೆಗೆದುಕೊಳ್ಳುತ್ತಾರೆ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು.