ಸೂರಿನ ಕೆಳಗಿಂದ ಕಂಡ ಮದನಿಕೆ

ಹಾಸನದಲ್ಲಿ ಚಿತ್ರಕಲಾ ವಿದ್ಯಾರ್ಥಿಗಳ ಪ್ರದರ್ಶನವೊಂದು ನಡೆಯುತ್ತಿದೆಯೆಂದು ಸ್ನೇಹಿತರು ತಿಳಿಸಿದಾಗ, ಬೇಲೂರನ್ನು ಮತ್ತೊಮ್ಮೆ ನೋಡಬೇಕೆಂಬ ಬಹುದಿನದ ಆಸೆಯನ್ನೂ ಅದಕ್ಕೆ ಜೋಡಿಸಿಕೊಂಡು ಎರಡು ದಿನಗಳ ಬಿಡುವು ಮಾಡಿಕೊಂಡು ಹೊರಟೆ. ಚನ್ನರಾಯಪಟ್ಟಣದ ಮೇಲಿಂದ ಬಂದ ಬಸ್ಸು ಹಾಸನ ಸೇರಿದಾಗ ಹನ್ನೊಂದು ಗಂಟೆಯಾಗಿತ್ತು.

ಪ್ರದರ್ಶನದ ಕೋಣೆಯಲ್ಲಿ ಎಣ್ಣೆಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಭೂದೃಶ್ಯಗಳ ಸಾಲನ್ನು ನಾನು ಬೇಗ ದಾಟಿದೆ. ಹಸಿರು ಬೆಟ್ಟ, ಮಂಜು, ಒಂಟಿ ಮರಗಳ ಆ ಚಿತ್ರಗಳು ಅಚ್ಚುಕಟ್ಟಾಗಿದ್ದವು, ಆದರೆ ಇದು ಇಂಥದೇ ಬೆಟ್ಟ ಎನ್ನುವ ಗುರುತು ಒಂದರಲ್ಲೂ ಸಿಗಲಿಲ್ಲ. ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು, ಆಲೂಗೆಡ್ಡೆ ಹೊಲದಲ್ಲಿ ಬಾಗಿ ಗೆಡ್ಡೆ ಆಯುತ್ತಿರುವ ಮೂವರು ಹೆಂಗಸರ ಲಿನೋಕಟ್. ಲಿನೋಲಿಯಂ ಹಾಳೆಯಲ್ಲಿ ಬಿಳುಪಾಗಿ ಕಾಣಬೇಕಾದ ಭಾಗವನ್ನಷ್ಟೇ ಕೊರೆದು ತೆಗೆಯಬೇಕು, ಅಚ್ಚಾದಾಗ ಎಡಬಲಗಳು ಅದಲುಬದಲಾಗುತ್ತವೆ, ಒಮ್ಮೆ ಕೊರೆದದ್ದನ್ನು ಮತ್ತೆ ತುಂಬುವಂತಿಲ್ಲ. ಕಲ್ಲು ಕಡೆಯುವವನಿಗೂ ಇದೇ ಕಟ್ಟಳೆ. ಆ ವಿದ್ಯಾರ್ಥಿ ಹೆಂಗಸರ ಮುಖಗಳನ್ನು ಕೊರೆಯಲು ಹೋಗದೆ, ಬೆನ್ನಿನ ಬಾಗನ್ನೂ ಸಾಲಿನ ಮಣ್ಣನ್ನೂ ಒಂದೇ ಬಗೆಯ ಗೆರೆಗಳಲ್ಲಿ ತಂದಿದ್ದ. ಹಾಸನದ ಸುತ್ತ ಮಳೆಗಾಲದಲ್ಲಿ ಓಡಾಡಿದವರಿಗೆ ಆ ಬೆನ್ನುಗಳು ಚೆನ್ನಾಗಿ ಗೊತ್ತು.

ಮುಂದಿನ ಗೋಡೆಯ ತುಂಬ ಬೇಲೂರಿನ ದರ್ಪಣಸುಂದರಿಯ ಪೆನ್ಸಿಲ್ ಚಿತ್ರಗಳು, ಎಣಿಸಿದರೆ ಏಳು. ಗುಡಿಯ ಸೂರಿನಡಿ ನಿಲ್ಲಿಸಿದ ಸುಂದರಿಯರ ಶಿಲ್ಪಗಳಾದ ಮದನಿಕೆಯರಲ್ಲಿ ಕನ್ನಡಿ ಹಿಡಿದವಳು ಈಕೆ. ಆಭರಣದ ಒಂದೊಂದು ಮಣಿಯನ್ನೂ ತಾಳ್ಮೆಯಿಂದ ಬಿಡಿಸಿದ್ದರು, ನೆರಳನ್ನು ನವಿರಾಗಿ ಹದಗೊಳಿಸಿದ್ದರು. ಆದರೂ ಏಳೂ ಚಿತ್ರಗಳಲ್ಲಿ ಆಕೆ ನಮ್ಮ ಕಣ್ಣಿನ ಮಟ್ಟದಲ್ಲಿ, ನೇರ ಎದುರಿಗೆ ನಿಂತಿದ್ದಳು. ಎಲ್ಲರೂ ಒಂದೇ ಫೋಟೋ ಇಟ್ಟುಕೊಂಡು ಬರೆದಿರಬೇಕು ಎನ್ನಿಸಿತು. ಕೆಳಗಿನ ಹೆಸರುಗಳನ್ನು ಅದಲುಬದಲು ಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಎಂಟನೆಯದು ಇದ್ದಿಲಿನಲ್ಲಿ ಬರೆದ ಚಿತ್ರ. ಅದರಲ್ಲಿ ಪಾದಗಳು ದೊಡ್ಡವು, ತಲೆ ಚಿಕ್ಕದು, ಗಲ್ಲದ ಅಡಿಭಾಗವೇ ಮುಖದ ಅರ್ಧ. ಹಣೆ ಕಪ್ಪಾಗಿತ್ತು, ಗಲ್ಲ ಮಾತ್ರ ಬೆಳಗುತ್ತಿತ್ತು. ಪ್ರಮಾಣ ತಪ್ಪಿದೆಯೆಂದು ಪಕ್ಕದಲ್ಲಿದ್ದವರು ಅಂದರು, ನನಗೂ ಹಾಗೆಯೇ ತೋರಿತು. ಬರೆದ ಹುಡುಗಿ ಅಲ್ಲೇ ನಿಂತಿದ್ದಳು. “ಫೋಟೋ ನೋಡಿ ಬರೆದಿದ್ದಲ್ಲ ಸರ್, ಗುಡಿ ಸುತ್ತಿನ ಕಟ್ಟೆ, ಆ ಜಗತಿ ಮೇಲೆ ಕೂತು ಬರೆದದ್ದು. ಕೆಳಗಿಂದ ಹಾಗೇ ಕಾಣೋದು” ಎಂದಳು.

ಮರುದಿನ ಬೆಳಿಗ್ಗೆ ಬೇಲೂರಿಗೆ ಹೋದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯನ್ನು ನಾನು ಹಿಂದೆ ಮೂರು ಬಾರಿ ನೋಡಿದ್ದೇನೆ, ಆದರೆ ಒಂದೇ ವಿಗ್ರಹದ ಕೆಳಗೆ ಅರ್ಧ ಗಂಟೆ ಕುಳಿತದ್ದು ಇದೇ ಮೊದಲು. ಹೊರಗಿನ 38 ಮದನಿಕೆಯರೂ ಗೋಡೆಗೆ ಒರಗಿ ನೆಟ್ಟಗೆ ನಿಂತವರಲ್ಲ. ಸೂರಿನ ಅಡಿಯಲ್ಲಿ ಮುಂದಕ್ಕೆ ವಾಲಿ, ಕೆಳಗೆ ನಡೆಯುವವರತ್ತ ಬಾಗಿದವರು. ಕತ್ತೆತ್ತಿ ನೋಡಿದಾಗ ಪಾದಗಳು ಹತ್ತಿರಕ್ಕೆ ಬಂದವು, ತಲೆ ಎಲೆಬಳ್ಳಿಗಳ ಚಪ್ಪರದೊಳಗೆ ಹಿಂದೆ ಸರಿಯಿತು. ಬಿಸಿಲು ಜಗತಿಯ ಹಾಸುಗಲ್ಲಿಗೆ ಬಿದ್ದು ಅಲ್ಲಿಂದ ಮೇಲಕ್ಕೆ ಚಿಮ್ಮುತ್ತಿದ್ದುದರಿಂದ ಗಲ್ಲ ಬೆಳಗುತ್ತಿತ್ತು, ಸೂರಿನ ನೆರಳಿನಲ್ಲಿ ಹಣೆ ಕಪ್ಪಾಗಿತ್ತು. ಹಿಂದಿನ ದಿನ ನಾನು ತಪ್ಪೆಂದುಕೊಂಡದ್ದೆಲ್ಲವೂ ಕಣ್ಣೆದುರಿಗೇ ಇತ್ತು.

ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬಿದ್ದಂತೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಈ ನವಿರು ಸಾಧ್ಯವಾಯಿತೆಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಕಡೆಯುವಾಗಲೇ ರೂವಾರಿ ನೋಡುವವನ ಜಾಗವನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರಬೇಕಲ್ಲ! ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಇಲ್ಲಿನ ಮದನಿಕೆಯರ ಪೀಠಗಳಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ಅಪ್ಪನ ಕೈಗೂ ಮಗನ ಕೈಗೂ ವ್ಯತ್ಯಾಸ ಕಾಣುತ್ತದೆಯೇ ಎಂದು ಆ ಅಕ್ಷರಗಳ ಕೆಳಗೆ ನಿಂತು ನೋಡುವಾಗ, ಪ್ರದರ್ಶನದ ಆ ಏಳು ಹೆಸರುಗಳು ಮತ್ತೆ ನೆನಪಾದವು. ಅಷ್ಟು ಪಳಗಿದ ಕೈಗಳನ್ನು ಯಾರಾದರೂ ಒಂದು ದಿನ ಇಲ್ಲಿಗೆ ಕರೆತಂದು ಕೂರಿಸಬಾರದಿತ್ತೇ ಎಂದು ನೋವಾಯಿತು. ಹಾಸನದಿಂದ ಬೇಲೂರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಸಂಜೆ ಊರಿಗೆ ಹೊರಡುವ ಮುನ್ನ ಪ್ರದರ್ಶನಕ್ಕೆ ಮತ್ತೆ ಹೋಗಿ, ತಪ್ಪು ನನ್ನದೇ ಎಂದು ಆ ಹುಡುಗಿಗೆ ಹೇಳಿದೆ. ಆದರೆ ಕನ್ನಡಿ ಹಿಡಿದ ಕೈ ಮಾತ್ರ ಮೊಣಕೈಯ ಬಳಿ ಸಡಿಲವಾಗಿತ್ತು, ಅದನ್ನೂ ಮುಚ್ಚಿಡದೆ ತಿಳಿಸಿದೆ. ಅವಳು ಚಿತ್ರದ ಹತ್ತಿರ ಬಂದು ತುಸು ಹೊತ್ತು ನೋಡಿದಳು.

“ಆ ಕೈ ನನಗೂ ಸಿಗಲಿಲ್ಲ ಸರ್. ನಾನು ಹೋದ ಹೊತ್ತಿಗೆ ಅಲ್ಲಿ ನೆರಳಿತ್ತು. ಭಾನುವಾರ ಮೊದಲ ಬಸ್ಸಿಗೇ ಹೋಗಿ ನೋಡ್ತೀನಿ.”