ಕಂಪನಿ ಲಾ ಕ್ಲಾಸಿನಲ್ಲಿ ದೇವಿಕಾ ರಾಣಿ

ನಾನು ಜಯನಗರದ ನಮ್ಮ ಕಾಲೇಜಿನಲ್ಲಿ ಬಿಕಾಂ ಓದಿದ್ದು 1980ರ ದಶಕದಲ್ಲಿ. ಕಂಪನಿ ಲಾ ಅಂದರೆ ಕ್ಲಾಸಿಗೆ ಕ್ಲಾಸೇ ಆಕಳಿಸುತ್ತಿತ್ತು. ನಮ್ಮ ಮೇಷ್ಟ್ರು ಆ ಪಾಠವನ್ನು ಒಂದು ಸಿನಿಮಾ ಸ್ಟುಡಿಯೋದ ಕಥೆ ಹಿಡಿದು ಮಾಡಿದರು. ಅದು ಬಾಂಬೆ ಟಾಕೀಸ್. ಅದನ್ನು ನಡೆಸಿದ್ದ ದೇವಿಕಾ ರಾಣಿ ಆಗ ಇಲ್ಲೇ, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನವರು. ಊರಿನವರಿಗೆ ಅವರು ಹಳೇ ಕಾಲದ ನಟಿ, ಚಿತ್ರಕಾರ ರೋರಿಕ್ ಅವರ ಹೆಂಡತಿ. ಮೇಷ್ಟ್ರು ನಮಗೆ ತೋರಿಸಿದ್ದು ಕಂಪನಿ ಆಳಿದ ಹೆಂಗಸನ್ನು.

1934ರಲ್ಲಿ ಹಿಮಾಂಶು ರಾಯ್ ಮತ್ತು ಆಗ ಅವರ ಹೆಂಡತಿಯಾಗಿದ್ದ ದೇವಿಕಾ ರಾಣಿ ಮುಂಬೈಯ ಮಲಾಡ್‌ನಲ್ಲಿ ಸ್ಟುಡಿಯೋ ಕಟ್ಟಿದರು. ಅದು ಲಿಮಿಟೆಡ್ ಕಂಪನಿ. ಷೇರು, ಬೋರ್ಡು, ತಿಂಗಳ ಸಂಬಳ, ಎಲ್ಲ ಇತ್ತು. ನಿರ್ದೇಶಕ, ಕ್ಯಾಮೆರಾಮನ್ ಜರ್ಮನಿಯವರು. ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅಶೋಕ್ ಕುಮಾರ್ 1936ರಲ್ಲಿ ಹೀರೋ ಆದರು.

ಆಮೇಲೆ ಪೆಟ್ಟಿನ ಮೇಲೆ ಪೆಟ್ಟು. 1939ರಲ್ಲಿ ಯುದ್ಧ ಶುರುವಾಯಿತು, ಬ್ರಿಟಿಷರು ಆ ಜರ್ಮನ್ನರನ್ನು ಬಂಧಿಸಿದರು. ಮರುವರ್ಷವೇ ರಾಯ್ ತೀರಿಕೊಂಡರು. ದೇವಿಕಾ ರಾಣಿಗೆ ಆಗಿನ್ನೂ 32 ವರ್ಷ. ಸ್ಟುಡಿಯೋದ ಹೊಣೆ ಅವರ ಹೆಗಲಿಗೆ ಬಿತ್ತು. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಕಲ್ಕತ್ತೆಯ ರಾಕ್ಸಿ ಥಿಯೇಟರಿನಲ್ಲಿ ಅದು ಮೂರು ವರ್ಷಕ್ಕೂ ಜಾಸ್ತಿ ಓಡಿತು. ಅಷ್ಟು ದೊಡ್ಡ ಗೆಲುವು ಬಂದ ವರ್ಷವೇ ಕಂಪನಿ ಒಡೆಯಿತು. ನಿರ್ಮಾಪಕ ಶಶಧರ್ ಮುಖರ್ಜಿ, ಅಶೋಕ್ ಕುಮಾರ್ ಮೊದಲಾದವರು ಹೊರಟುಹೋಗಿ ಫಿಲ್ಮಿಸ್ತಾನ್ ಎಂಬ ಬೇರೆ ಸ್ಟುಡಿಯೋ ಕಟ್ಟಿದರು.

ಇಲ್ಲಿಗೆ ಬಂದಾಗ ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟರು. ಗಳಿಸಿಕೊಟ್ಟವರೇ ಎದ್ದು ಹೋದರೆ ಯಜಮಾನಿ ಏನು ಮಾಡಬೇಕು ಅಂತ ಕೇಳಿದರು. ಖರ್ಚು ಕಡಿಮೆ ಮಾಡಬೇಕು, ಸಾಲ ತರಬೇಕು, ಸ್ಟುಡಿಯೋ ಬಾಡಿಗೆಗೆ ಕೊಡಬೇಕು, ನಮಗೆ ತೋಚಿದ್ದು ಇಷ್ಟೇ. ದೇವಿಕಾ ರಾಣಿ ನಂಬಿದ್ದು ಹೊಸಬರನ್ನು. ಸಿನಿಮಾದ ಗಂಧವೇ ಇಲ್ಲದ ಯೂಸುಫ್ ಖಾನ್ ಎಂಬ ಹುಡುಗನನ್ನು ಕಂಪನಿ ಒಡೆಯುವ ಮೊದಲೇ ಕೆಲಸಕ್ಕೆ ತೆಗೆದುಕೊಂಡಿದ್ದರು. ಸಂಬಳ 1250 ರೂಪಾಯಿ. ಅದು ತಿಂಗಳಿಗೋ ವರ್ಷಕ್ಕೋ ಅಂತ ಆ ಹುಡುಗನಿಗೇ ಅನುಮಾನ ಬಂದಿತ್ತಂತೆ! ತಿಂಗಳಿಗೇ. ದಿಲೀಪ್ ಕುಮಾರ್ ಎಂಬ ಹೆಸರು ಹುಟ್ಟಿದ್ದೂ ಆ ಸ್ಟುಡಿಯೋದಲ್ಲೇ. 1944ರಲ್ಲಿ ಬಂದ ಅವರ ಮೊದಲ ಚಿತ್ರ ಓಡಲಿಲ್ಲ. ಆದರೆ ಆ ಆಯ್ಕೆ ಎಂಥದ್ದು ಅಂತ ಮುಂದೆ ದೇಶಕ್ಕೇ ಗೊತ್ತಾಯಿತಲ್ವಾ?

1945ರಲ್ಲಿ ದೇವಿಕಾ ರಾಣಿ ಸಿನಿಮಾ ಬಿಟ್ಟು ಸ್ವೆಟೊಸ್ಲಾವ್ ರೋರಿಕ್ ಅವರನ್ನು ಮದುವೆಯಾದರು. ಮೊದಲು ಕುಲು ಕಣಿವೆ, ಆಮೇಲೆ ನಮ್ಮ ಬೆಂಗಳೂರು. ಮೊಟ್ಟಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೇ ಬಂತು, 1969ರ ಸಾಲಿನದು. 1994ರ ಮಾರ್ಚ್‌ನಲ್ಲಿ ಇಲ್ಲೇ ತೀರಿಕೊಂಡರು. ಪತ್ರಿಕೆಗಳೆಲ್ಲ ನಟಿಯನ್ನು ನೆನೆದವು. ನನಗೆ ಮಾತ್ರ ನೆನಪಾಗಿದ್ದು ಆ ಕ್ಲಾಸು.

ಒಂದು ವಿಷಯದಲ್ಲಿ ಮೇಷ್ಟ್ರ ಮಾತು ನಾನು ಇವತ್ತಿಗೂ ಒಪ್ಪುವುದಿಲ್ಲ. ಕಟ್ಟಿದ ಕಂಪನಿಯನ್ನು ದೇವಿಕಾ ರಾಣಿ ಅಷ್ಟು ಬೇಗ ಬಿಡಬಾರದಿತ್ತು, ಅದಕ್ಕೇ ಬಾಂಬೆ ಟಾಕೀಸ್ 50ರ ದಶಕದಲ್ಲಿ ಮುಚ್ಚಿತು ಎಂಬುದು ಅವರ ವಾದ. ಗಂಡ ಹೋದ ಮೇಲೆ, ಯುದ್ಧದ ನಡುವೆ, ಒಳಜಗಳ ಸಹಿಸಿಕೊಂಡು ಐದು ವರ್ಷ ಆ ಸ್ಟುಡಿಯೋ ಉಳಿಸಿದವರು ಅವರು. ತಮ್ಮ ಬದುಕು ತಾವು ನೋಡಿಕೊಂಡಿದ್ದರಲ್ಲಿ ನನಗಂತೂ ತಪ್ಪು ಕಾಣುವುದಿಲ್ಲ.