ಮಂಗಳೂರಿನ ಕಡಲು ಮಳೆಗಾಲದಲ್ಲಿ ಇಳಿಯುತ್ತದೆ

ಸ್ಯಾಟಲೈಟ್ ಡೇಟಾ ಹಿಡಿದು ಕಡಲ ಮಟ್ಟ ಲೆಕ್ಕ ಹಾಕುವುದು ನನ್ನ ಕೆಲಸ. ತಂಡಕ್ಕೆ ಹೊಸಬರು ಬಂದರೆ, ವರ್ಷಕ್ಕೆ ಎಷ್ಟು ಏರುತ್ತಿದೆ ಎಂಬ ಲೆಕ್ಕ ಅವರಿಗೆ ಮೊದಲೇ ಕೊಡುವುದಿಲ್ಲ. ಮಂಗಳೂರಿನ ಎದುರಿನ ಕಡಲಿನ ಡೇಟಾ ಕೊಟ್ಟು, ತಿಂಗಳವಾರು ಸರಾಸರಿ ತೆಗೆಯಿರಿ ಅನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. "ಮೇಡಂ, ಪ್ಲಸ್ಸು ಮೈನಸ್ಸು ಅದಲುಬದಲು ಆಗಿದ್ಯಾ? ಆಗಸ್ಟ್‌ನಲ್ಲಿ ಕಡಲು ಕೆಳಗಿದೆ, ಡಿಸೆಂಬರ್‌ನಲ್ಲಿ ಮೇಲಿದೆ."

ಇಲ್ಲ, ಸರಿಯಾಗೇ ಇದೆ. ಮಳೆಗಾಲದಲ್ಲಿ ಅಲೆಗಳ ಅಬ್ಬರ ಜಾಸ್ತಿ, ನಿಜ. ಆದರೆ ಅಲೆ ಬೇರೆ, ಸರಾಸರಿ ಮಟ್ಟ ಬೇರೆ. ಆಗ ದಡದುದ್ದಕ್ಕೂ ಬೀಸುವ ಗಾಳಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ತಣ್ಣೀರು ಕಡಿಮೆ ಜಾಗ ಹಿಡಿಯುತ್ತದೆ, ಹಾಗಾಗಿ ಮಟ್ಟ ಇಳಿಯುತ್ತದೆ. ಬೂತಾಯಿ, ಬಂಗುಡೆ ಮೀನುಗಳಿಗೆ ಮೇವು ತರುವುದೂ ಇದೇ ನೀರು. ಚಳಿಗಾಲದಲ್ಲಿ ಕಡಲೊಳಗಿನ ನೀರಿನ ಹರಿವು ಉತ್ತರಕ್ಕೆ ತಿರುಗಿ, ಬಂಗಾಳ ಕೊಲ್ಲಿಯ ಉಪ್ಪು ಕಡಿಮೆ ಇರುವ ಹಗುರ ನೀರನ್ನು ಇಲ್ಲಿಗೆ ತರುತ್ತದೆ. ಮಟ್ಟ ಏರುತ್ತದೆ.

ಈ ಏರಿಳಿತ ಹತ್ತಿಪ್ಪತ್ತು ಸೆಂ.ಮೀ. ಇರುತ್ತದೆ. ಜಗತ್ತಿನ ಕಡಲು 1993ರಿಂದ ಸರಾಸರಿ ಏರಿರುವುದೇ ಸುಮಾರು 10 ಸೆಂ.ಮೀ.! ಡೇಟಾ ಮಳೆಗಾಲದಲ್ಲಿ ಶುರುವಾಗಿ ಚಳಿಗಾಲದಲ್ಲಿ ಮುಗಿದರೆ, ಏರಿಕೆ ತೋರಿಸುವ ಗೆರೆ ಸುಮ್ನೆ ಮೇಲಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಮೊದಲು ಋತುಮಾನದ ಪಾಲು ತೆಗೆಯಬೇಕು. ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೊ ಥರದ್ದು ಕೆಲವು ವರ್ಷ ಮಟ್ಟವನ್ನು ಎತ್ತಿ ಇಳಿಸುವುದರಿಂದ ಐದಾರು ವರ್ಷದ ಡೇಟಾ ಸಾಲುವುದಿಲ್ಲ. 1992ರ ಟೋಪೆಕ್ಸ್/ಪೊಸೈಡನ್ ಉಪಗ್ರಹದಿಂದ ಜೇಸನ್ ಸರಣಿ, 2020ರ ಸೆಂಟಿನೆಲ್-6ರವರೆಗೆ ಒಂದೇ ದಾರಿಯಲ್ಲಿ, ಸುಮಾರು ಹತ್ತು ದಿನಕ್ಕೊಮ್ಮೆ ಅಳೆದಿರುವ ಆ ಉದ್ದನೆಯ ದಾಖಲೆ ಅಷ್ಟು ಅಮೂಲ್ಯ.

ದಡದ ಹತ್ತಿರ ಇನ್ನೊಂದು ತೊಡಕು. ಉಪಗ್ರಹ ಕಳಿಸಿದ ರೇಡಾರ್ ಅಲೆ ನೀರಿಗೆ ಬಡಿದು ಮರಳುವುದರಿಂದಲೇ ಮಟ್ಟ ಅಳೆಯುವುದು. ತೆರೆದ ಕಡಲಲ್ಲಿ ಆ ಪ್ರತಿಧ್ವನಿ ಥಟ್ಟನೆ ಏರಿ ನಿಧಾನ ಇಳಿಯುತ್ತದೆ. ದಡದಿಂದ ಹತ್ತು ಹದಿನೈದು ಕಿ.ಮೀ. ಒಳಗೆ ಬಂದರೆ ನೆಲವೂ ಅದರಲ್ಲಿ ಸೇರಿ ಅಲ್ಲಲ್ಲಿ ಚೂಪು ಮೊನೆಗಳು ಏಳುತ್ತವೆ. ಇಸ್ರೊ ಮತ್ತು ಫ್ರಾನ್ಸ್ ಸೇರಿ 2013ರಲ್ಲಿ ಹಾರಿಸಿದ ಸರಳ್ ಉಪಗ್ರಹದ ಆಲ್ಟಿಕಾ ಎಂಬ ರೇಡಾರ್ ಇಲ್ಲಿ ತುಂಬಾ ಉಪಕಾರಿ. ಅದರ ಕಿರಣ ಕಿರಿದು, ದಡಕ್ಕೆ ಇನ್ನಷ್ಟು ಹತ್ತಿರ ನೋಡುತ್ತದೆ.

ಬಂದರಿನಲ್ಲಿ ನೀರಿನ ಮಟ್ಟ ಅಳೆಯುವ ಮಾಪಕದ ಜೊತೆ ಹೋಲಿಸುವುದನ್ನಂತೂ ನಾನು ಬಿಡುವುದಿಲ್ಲ. ಆದರೆ ಅದು ಅಳೆಯುವುದು ನೆಲಕ್ಕೆ ಹೋಲಿಸಿ. ಹೂಗ್ಲಿ ದಂಡೆಯ ಡೈಮಂಡ್ ಹಾರ್ಬರ್‌ನಂತೆ ನೆಲವೇ ಕುಸಿಯುತ್ತಿದ್ದರೆ ಉಪಗ್ರಹದ ಅಂಕಿ, ಮಾಪಕದ ಅಂಕಿ ತಾಳೆಯಾಗುವುದಿಲ್ಲ, ಎರಡೂ ಸರಿಯೇ. ತಡೆಗೋಡೆ ಕಟ್ಟುವವರಿಗೆ ಬೇಕಿರುವುದು ಮಾಪಕದ್ದು.

ಅವರು ಅಂಕಿ ಕೇಳಿದಾಗ ಜಾಗತಿಕ ಸರಾಸರಿ ಕೊಟ್ಟು ಕೈತೊಳೆದುಕೊಳ್ಳಬಾರದು. ಆ ಜಾಗದ ಏರಿಕೆ, ಆ ಅಂಕಿಯಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದು, ಜೊತೆಗೆ ತಿಂಗಳವಾರು ಚಿತ್ರವನ್ನೂ ಕೊಡಬೇಕು. ತಿಂಗಳವಾರು ಚಿತ್ರ ಯಾಕೆ? 2017ರ ಓಖಿ ಚಂಡಮಾರುತ ಅರಬ್ಬಿ ಸಮುದ್ರ ಹಾದುಹೋದದ್ದು ಡಿಸೆಂಬರ್ ಮೊದಲ ವಾರದಲ್ಲಿ. ನಮ್ಮ ಕರಾವಳಿಯ ಮಟ್ಟ ಹೇಗಿದ್ದರೂ ಮೇಲಿರುವ ಕಾಲ ಅದು.